ಹೊಳೆ ಚೆಲ್ಲಿದ ಮಡಿಲಕ್ಕಿ

ಹೊಳೆ ಸತ್ತೋಗಲ್ಲ ಕಣೆ ಪುಟ್ಟಿ, ಈ ಬೇಸಿಗೇಲಿ ಸೊರಗಿದಾಳೆ ಅಷ್ಟೆ. ಅತ್ತಿದ್ದು ಸಾಕು, ಮೂಗು ಒರೆಸ್ಕೊಂಡು ಕತೆ ಕೇಳು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಊರೂ ಇಲ್ಲ, ಊರು ಕಟ್ಟೋ ಜನರೂ ಇಲ್ಲ, ಆವಾಗ ನಮ್ಮ ಬೆಟ್ಟಮ್ಮ ತನ್ನ ಮಗಳು ಹೊಳೆನ ಸಮುದ್ರರಾಜನಿಗೆ ಕೊಟ್ಟಿದ್ಲಂತೆ. ಮಗಳನ್ನ ಬರಿಗೈಲಿ ಕಳಿಸೋಕಾಗುತ್ತಾ? ಅಕ್ಕಿ ಇಲ್ಲ, ಬೆಲ್ಲ ಇಲ್ಲ, ತನ್ನ ಮೈಮೇಲಿನ ಕಲ್ಲು ಮಣ್ಣನ್ನೇ ಮಡಿಲಿಗೆ ತುಂಬಿದ್ಲಂತೆ. ಮಡಿಲಕ್ಕಿನ ದಾರೀಲಿ ಚೆಲ್ಲಬಾರದು, ಗಂಡನ ಮನೇಲೇ ಇಳಿಸ್ಬೇಕು, ನಿಂಗೆ ಗೊತ್ತಲ್ಲ.

ಆಮೇಲೆ ಕಾಲ ಕೆಟ್ಟು, ಚಳಿ ಹಿಡಿದು, ಮಳೆ ಹೋಗಿ, ಬೆಟ್ಟದ ಮೇಲಿನ ಮರ ಹುಲ್ಲು ಎಲ್ಲ ಒಣಗಿಹೋಯ್ತಂತೆ. ಬೇರಿನ ಹಿಡಿತ ತಪ್ಪಿ ಮಣ್ಣು ಜಾರೋಕೆ ಶುರುವಾಯ್ತು. ಮಗಳು ಸೊರಗಿದಾಳೆ ಅಂತ ಅಮ್ಮ ಇನ್ನೂ ತುಂಬಿದ್ಲು, ಇನ್ನೂ ತುಂಬಿದ್ಲು. ಪಾಪ, ಕಡ್ಡಿ ಹಂಗಾಗಿದ್ದ ಹುಡುಗಿ ಹೊರೋದು ಹೆಂಗೆ? ಕಣಿವೆ ತುಂಬ ಚೆಲ್ಲಿಬಿಟ್ಲಂತೆ.

ಆಮೇಲೆ ಎಷ್ಟೋ ಸಾವಿರ ವರ್ಷ ಕಳೆದು ಮಳೆ ಬಂತು, ಮರ ಚಿಗುರಿ ಬೇರು ಮಣ್ಣು ಹಿಡ್ಕೊಂಡ್ವು, ಮಡಿಲು ಹಗುರಾಯ್ತು, ಹುಡುಗಿ ಮೈದುಂಬಿಕೊಂಡ್ಲು. ಆ ಬಿರುಸಿಗೆ ತಾನೇ ಚೆಲ್ಲಿದ್ದ ಮಣ್ಣನ್ನ ನಡುವೆ ಕೊರ್ಕೊಂಡು ಕೆಳಗಿಳಿದ್ಲಂತೆ. ಅಕ್ಕಪಕ್ಕ ಎತ್ತರದಲ್ಲಿ ಉಳಿದ ಮಣ್ಣು ಹೊಲದಷ್ಟು ಅಗಲದ ಮೆಟ್ಟಿಲಾಯ್ತು. ಹಿಂಗೇ ಮೂರು ಸಲ ಸೊರಗಿ, ಮೂರು ಸಲ ಚೆಲ್ಲಿ, ಮೂರು ಸಲ ಇನ್ನೂ ಆಳಕ್ಕಿಳಿದ್ಲು. ಮೇಲಿನ ಮೆಟ್ಟಿಲು ಹಳೇದು, ಕೆಳಗಿಂದು ಈಚಿಂದು. ಅವು ಕಂಡಾಗೆಲ್ಲ ಅವಳಿಗೆ ಅಳು. ಅಮ್ಮ ಕೊಟ್ಟಿದ್ದನ್ನ ಬೀದಿಪಾಲು ಮಾಡಿಬಿಟ್ಟೆ, ಯಾವ ಮುಖ ಇಟ್ಕೊಂಡು ತವರಿನ ಹೆಸರು ಹೇಳ್ಲಿ ಅಂತ.

ಆಮೇಲೆ ಕೆಂಚವ್ವ ಅನ್ನೋಳು ಹಸಿದ ಕೂಸನ್ನ ಕಂಕುಳಲ್ಲಿಟ್ಕೊಂಡು, ಸೆರಗಲ್ಲಿ ಹಿಡಿ ರಾಗಿ ಕಟ್ಕೊಂಡು ಬಂದ್ಲಂತೆ. ನಡುವಿನ ಮೆಟ್ಟಿಲ ಮೇಲೆ ನಿಂತು, ಯಾರದವ್ವ ಈ ಮಣ್ಣು ಅಂದ್ಲು. ನಂದೇ, ಹೊರಲಾರದೆ ಚೆಲ್ಲಿದ ಮಡಿಲಕ್ಕಿ ಅಂತ ಹೊಳೆ ತಲೆ ತಗ್ಗಿಸಿದ್ಲು. ಹಂಗಾದ್ರೆ ನನ್ನ ಕೂಸಿಗೆ ಕೊಡು ತಾಯಿ ಅಂತ ಕೆಂಚವ್ವ ಬಿತ್ತಿದ್ಲು. ತೆನೆ ತೂಗಾಡ್ತು, ಕೂಸಿನ ಹೊಟ್ಟೆ ತುಂಬ್ತು. ಮೊದಲ ತೆನೆ ಒಯ್ದು ಬೆಟ್ಟಮ್ಮನ ಮಡಿಲಿಗೆ ಹಾಕಿ, ಇದು ನಿನ್ನ ಮಗಳು ಕೊಟ್ಟಿದ್ದು ಅಂದ್ಲಂತೆ. ಬೆಟ್ಟಮ್ಮ ಅತ್ತೇಬಿಟ್ಲು. ನನ್ನ ಕೂಸು ಬಡವಾಗಿದ್ದಾಗ್ಲೇ ಹೆಚ್ಚು ಹೊರಿಸಿಬಿಟ್ಟೆ, ತಪ್ಪು ನಂದು, ಅಳಬೇಡ ಅಂತ ಹೇಳವ್ವ ಅವಳಿಗೆ ಅಂದ್ಲು. ಆ ಮಾತು ಕೇಳಿದ್ಮೇಲೆ ಹೊಳೆ ನಗ್ತಾ ನಗ್ತಾ ಗಂಡನ ಮನೆಗೆ ಹೋದ್ಲಂತೆ.

ನಮ್ಮನೆ ಇರೋದೂ ಅದೇ ನಡುವಿನ ಮೆಟ್ಟಿಲ ಮೇಲೆ. ಹಿತ್ತಲಲ್ಲಿ ನೀನು ಆಡೋ ಗುಂಡುಕಲ್ಲು ಅವಳೇ ಉರುಳಿಸಿ ನುಣುಪು ಮಾಡಿದ್ದು. ಕತೆ ಮುಗೀತು, ಕಣ್ಣು ಮುಚ್ಚು ಕಂದ. ಇವತ್ತು ನೀನುಂಡ ಮುದ್ದೆ ಇದೆಯಲ್ಲ, ಅದು ಬೆಳೆದಿದ್ದು ಅವಳು ಸೊರಗಿದ್ದಾಗ ಚೆಲ್ಲಿದ ಮಣ್ಣಲ್ಲೇ.