ಒಂದು ಮಾತು ಹೇಳಿಸಿ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಸಂಸದರ ಮನೆಯ ನಾಯಿ ಕೂಡ ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ. ಆದರೂ ಕೇಂದ್ರ ಸರ್ಕಾರದ ಕಚೇರಿಯಲ್ಲಿ ನನ್ನ ಕೆಲಸ ಆಗಲಿಲ್ಲ. ದೊಡ್ಡವರ ಗುರುತಿದ್ದು ಏನು ಬಂತು?"

ಗುರು ಹೇಳಿದ: "ಒಂದು ಕತೆ ಇದೆ. ನೀನು ನಂಬುವುದಿಲ್ಲ. ಸುಳ್ಳು ಅನ್ನಿಸಿದರೆ ಇವತ್ತು ನನ್ನ ಪಾಲಿನ ಮುದ್ದೆಯನ್ನೂ ನೀನೇ ಉಣ್ಣು."

ಒಬ್ಬ ಡೊಳ್ಳು ಬಾರಿಸುವವನಿದ್ದ. ಅವನು ಕೋಲು ಎತ್ತಿದರೆ ಮೂರು ಊರಾಚೆ ಎಮ್ಮೆ ಹಗ್ಗ ಹರಿದುಕೊಳ್ಳುತ್ತಿತ್ತು. ಹಾಗೆಂದು ಊರೆಲ್ಲ ಹೇಳಿಕೊಂಡು ಬಂದವನೂ ಅವನೇ. ಅವನ ಮೇಳಕ್ಕೆ ಕಡಲಾಚೆಯಿಂದ ಕರೆ ಬಂತು. ಹತ್ತು ಮಂದಿ ಒಂದೇ ದಿನ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟರು. ಒಂಬತ್ತು ಮಂದಿಗೆ ಬಂತು, ಇವನಿಗೆ ಬರಲಿಲ್ಲ. ಅಮಾವಾಸ್ಯೆಯೊಳಗೆ ಬಾರದಿದ್ದರೆ ಇವನನ್ನು ಬಿಟ್ಟೇ ಹೋಗುವುದೆಂದು ಮೇಳದ ಯಜಮಾನ ಹೇಳಿದ.

"ಕಾಯುತ್ತ ಕೂರುವ ಗಂಡಸು ನಾನಲ್ಲ. ಸಂಸದರಿಂದ ಒಂದು ಮಾತು ಹೇಳಿಸಿದರೆ ಡೆಲ್ಲಿಯೇ ಓಡಿ ಬರುತ್ತದೆ" ಎಂದು ಅವನು ಇಪ್ಪತ್ತು ಗೆಳೆಯರನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಹೊರಟ. ಸಂಸದರ ಗೇಟಿನ ಮುಂದೆ ನಿಂತು ಬಾರಿಸಿದ. ಸಂಸದರು ಹೊರಗೆ ಬಂದು ತಲೆದೂಗಿದರು, ಶಾಲು ಹೊದಿಸಿದರು, ಫೋಟೊ ತೆಗೆಸಿಕೊಂಡು ಒಳಗೆ ಹೋದರು. ಆ ಸದ್ದಿನಲ್ಲಿ ಪಾಸ್‌ಪೋರ್ಟಿನ ಮಾತೇ ಏಳಲಿಲ್ಲ. ಇವನು ಹಿಗ್ಗಿ ಹೀರೇಕಾಯಿಯಾಗಿ ಊರಿಗೆ ಬಂದ.

ತಾಯಿ ಹೇಳಿದಳು: "ಅಂಚೆಯವನು ಬಂದಿದ್ದ ಕಣಪ್ಪಾ. ಅದೇನೋ ಲಕೋಟೆಯಂತೆ. ನಿನ್ನ ಕೈಗಲ್ಲದೆ ಕೊಡುವುದಿಲ್ಲವಂತೆ."

"ಅಭಿಮಾನಿಗಳ ಕಾಗದ ಕಣವ್ವಾ. ಅವಕ್ಕೆಲ್ಲ ಕಾದು ಕೂತರೆ ಡೊಳ್ಳು ಬಾರಿಸುವುದು ಯಾವಾಗ?"

ಮರುದಿನ ಎರಡು ಟ್ರ್ಯಾಕ್ಟರ್ ಹೋದವು. ಇನ್ನೊಂದು ಶಾಲು ಬಂತು. ಮನೆಗೆ ಅಂಚೆಯವನೂ ಬಂದು ಹೋಗಿದ್ದ.

ಅಮಾವಾಸ್ಯೆಗೆ ಹತ್ತು ದಿನ ಉಳಿದಾಗ ಯಜಮಾನ ಇವನ ಹೆಗಲಿನಿಂದ ಡೊಳ್ಳು ಇಳಿಸಿ ಇನ್ನೊಬ್ಬನ ಹೆಗಲಿಗೆ ಹಾಕಿದ. ಅವತ್ತು ಇವನಿಗೆ ಅನ್ನ ಸೇರಲಿಲ್ಲ. ಬೆಳಗ್ಗೆ ಎದ್ದು ಒಬ್ಬನೇ ಬಸ್ಸು ಹತ್ತಿದ. ಡೊಳ್ಳಿಲ್ಲದ ಇವನನ್ನು ಸಂಸದರ ಗೇಟಿನವನು ಗುರುತೇ ಹಿಡಿಯಲಿಲ್ಲ. ಒಳಗೆ ಅರ್ಜಿ ನೋಡುವ ಹೆಂಗಸೊಬ್ಬರು ಕೂತಿದ್ದರು.

"ಮೇಡಂ, ಸಾಹೇಬರಿಂದ ಒಂದು ಮಾತು ಹೇಳಿಸಿ."

"ಯಾರಿಗೆ?"

"ಎಲ್ಲರಿಗೂ!"

"ಎಲ್ಲರಿಗೂ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲಪ್ಪಾ" ಎಂದು ಆಕೆ ಒಂದು ಹಾಳೆ ಮುಂದಿಟ್ಟರು. "ಯಾವ ಕಚೇರಿ, ಅರ್ಜಿಯ ಸಂಖ್ಯೆ ಎಷ್ಟು, ಎಲ್ಲಿ ನಿಂತಿದೆ, ಬರಿ. ನಿನ್ನ ಪರವಾಗಿ ನಾವು ಕೇಳಬಹುದು ಎಂದು ಕೆಳಗೆ ಸಹಿ ಹಾಕು. ನಾವು ಕೇಳುತ್ತೇವೆ. ಕೊಡಿಸುತ್ತೇವೆ ಎನ್ನುವುದಿಲ್ಲ."

"ಇಷ್ಟೇನಾ? ಎರಡು ಸಲ ಬಂದಾಗ ಯಾರೂ ಹೇಳಲಿಲ್ಲವಲ್ಲ?"

"ನೀನು ಕೇಳಲಿಕ್ಕೆ ಬಂದಿದ್ದೆ ಎಂದು ಯಾರಿಗೆ ಗೊತ್ತು? ಬಾರಿಸಲಿಕ್ಕೆ ಬಂದಿದ್ದೆ ಎಂದುಕೊಂಡೆವು."

ಅವನು ಬರೆದ. ಹೆಸರಿನ ಹಿಂದೆ ಮುಂದೆ ಬಿರುದು ಹಾಕಲಿಲ್ಲ.

ನಾಲ್ಕನೆಯ ದಿನ ಆಕೆಯ ಫೋನ್ ಬಂತು. ಪಾಸ್‌ಪೋರ್ಟ್ ಕಚೇರಿ ಉತ್ತರ ಕೊಟ್ಟಿತ್ತು. ಪಾಸ್‌ಪೋರ್ಟ್ ಎಂದೋ ಸಿದ್ಧವಾಗಿ ಅಂಚೆಯಲ್ಲಿ ಎರಡು ಸಲ ಅವನ ಬಾಗಿಲಿಗೆ ಬಂದಿತ್ತು. ಎರಡು ಸಲವೂ ಅವನು ಇರಲಿಲ್ಲ, ಅದು ಹಿಂದಿರುಗಿತ್ತು. ಗುರುವಾರ ಮತ್ತೆ ಬರುತ್ತದೆ.

ಗುರುವಾರ ಅವನು ಕೋಳಿ ಕೂಗುವಾಗಲೇ ಜಗಲಿಯ ಮೇಲೆ ಕೂತ. ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡ. ಅಂಚೆಯವನು ಸೈಕಲ್ ಇಳಿದು, "ಏನಪ್ಪಾ ದೊರೆ, ಇವತ್ತು ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲವೋ?" ಎಂದ. ಅವನು ಸಹಿ ಹಾಕಿ ಲಕೋಟೆ ತೆಗೆದುಕೊಂಡ. ಅಮಾವಾಸ್ಯೆಗೆ ಇನ್ನೂ ಎರಡು ದಿನವಿತ್ತು. ಸಂಜೆಗೆ ಡೊಳ್ಳು ಅವನ ಹೆಗಲಿಗೆ ಮರಳಿತು. ಅವತ್ತು ಅವನು ಬಾರಿಸಿದ್ದಕ್ಕೆ ನಿಜವಾಗಿಯೂ ಒಂದು ಎಮ್ಮೆ ಹಗ್ಗ ಹರಿದುಕೊಂಡಿತು.

ಗುರು ಕತೆ ನಿಲ್ಲಿಸಿದ. ಶಿಷ್ಯ ಸಂಸದರಿಗೆಂದು ತಂದಿದ್ದ ಹೂವಿನ ಹಾರವನ್ನು ಬೆನ್ನ ಹಿಂದೆ ಸರಿಸಿ ಕೇಳಿದ: "ಹಾಗಾದರೆ ಸಂಸದರು ಅವನಿಗೆ ಕೊನೆಗೆ ಕೊಟ್ಟದ್ದಾದರೂ ಏನು?"

"'ಗುರುವಾರ ಮನೆಯಲ್ಲಿರು' ಎಂಬ ಒಂದು ಮಾತು."