ಎರಡು ಬೆರಳು ಜಾಗ

ನಾನು ಮೊದಲ ಸಲ ಸಿಟ್ಟಿನಲ್ಲಿ ಎದ್ದು ಹೋದದ್ದು ನಾಗರ ಪಂಚಮಿಯ ಮಾರನೇ ದಿನ, ಒಂದು ಮಂಗಳವಾರ. ಆರನೇ ಕ್ಲಾಸು. ಮಾಸ್ತರು ತಮ್ಮ ಪೆನ್ನು ಕಳೆಯಿತೆಂದು ನನ್ನ ಪಕ್ಕದವನ ಬೆನ್ನಿಗೆ ಬಾರಿಸಿದರು. ಪೆನ್ನು ಅವರ ಜೇಬಿನಲ್ಲೇ ಇತ್ತು. ಅದನ್ನು ತೋರಿಸಿ, ಪಾಟಿಚೀಲ ಅಲ್ಲೇ ಬಿಟ್ಟು ಹೊರಬಿದ್ದೆ. ತಿರುಗಿ ಹೋಗಲಿಲ್ಲ.

ಆಮೇಲೆ ಬಿಟ್ಟ ಊರು, ಬಿಟ್ಟ ಕೆಲಸ ಬಹಳ. ಕೊನೆಯದು ಒಂದು ಚಿಪ್ಸ್ ಕಾರ್ಖಾನೆ. ಪೊಟ್ಟಣದಲ್ಲಿ ಹತ್ತು ಚೂರು ಚಿಪ್ಸು, ಉಳಿದದ್ದು ಗಾಳಿ. ಅಲ್ಲಿಂದಲೂ ಸಿಟ್ಟಿನಲ್ಲೇ ಎದ್ದು ಬಂದೆ. ಬಂದು ಮುಟ್ಟಿದ್ದು ಹೊಳೆದಂಡೆಯ ಕರಿಬಸಜ್ಜನ ಆಶ್ರಮಕ್ಕೆ.

ಆಶ್ರಮಕ್ಕೆ ಒಂದೇ ಸೇವೆ. ಹೊಳೆ ದಾಟಿ ಎರಡು ದಿನ ಕಲ್ಲುಗುಡ್ಡ ನಡೆಯುವ ಪಾದಯಾತ್ರಿಗಳಿಗೆ ಅರ್ಧರ್ಧ ಕಿಲೋ ಹುರಿಹಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವುದು. ಆ ದಾರಿಯಲ್ಲಿ ಅಂಗಡಿ ಇಲ್ಲ, ಮನೆ ಇಲ್ಲ.

ಚೀಲ ನೋಡಿದ ದಿನವೇ ನನ್ನ ಮೈ ಉರಿಯಿತು. ಅರ್ಧ ಕಿಲೋ ಹಿಟ್ಟಿಗೆ ಒಂದೂವರೆ ಕಿಲೋ ಹಿಡಿಯುವ ಚೀಲ.

“ಇಷ್ಟು ದೊಡ್ಡದು ಯಾಕ?” ಎಂದು ಹಿರಿಯ ಶಿಷ್ಯ ವಿರೂಪಣ್ಣನನ್ನು ಕೇಳಿದೆ.

“ದಾನಿಗಳ ಫೋಟೋ ಹಿಡಿಸಬೇಕಲ್ಲೋ. ಮೂರು ಮಂದಿ ಅದಾರ. ಒಬ್ಬಾವ ತಲಿಗೆ ದೊಡ್ಡ ಪಟಗಾ ಬ್ಯಾರೆ ಸುತ್ಯಾನ.”

“ಚೀಲ ನೋಡಿ ಭಾಳ ಐತಿ ಅಂತ ನಂಬಿ, ಮಂದಿ ರೊಟ್ಟಿಗಂಟು ಇಲ್ಲೇ ಇಟ್ಟು ಹೋಗ್ತಾರ. ಗುಡ್ಡದ ಮ್ಯಾಲೆ ಪಟಗಾ ತಿಂತಾರೇನು?”

ಅಜ್ಜನ ಮುಂದೆಯೂ ಇದನ್ನೇ ಹೇಳಿದೆ. ಇದು ಮೋಸ ಎಂದೆ. ಕಾರ್ಖಾನೆಗೂ ಆಶ್ರಮಕ್ಕೂ ಏನು ಫರಕು ಎಂದೆ.

ಅಜ್ಜ ಪೂರ್ತಿ ಕೇಳಿದ. “ನೀ ಹೇಳೋದು ಖರೇ ಐತಿ. ಚೀಲ ನೀನ ಆರಿಸು.”

ಪೇಟೆಗೆ ಹೋದೆ. ಅಂಗಡಿಯವನು ನಾಲ್ಕು ಅಳತೆ ತೋರಿಸಿದ. ಅರ್ಧ ಕಿಲೋ ಹಿಟ್ಟು ಒತ್ತಿ ತುಂಬಿದರೆ ಅಂಚಿಗೆ ಸರಿಯಾಗಿ ಮುಟ್ಟುವುದನ್ನು ಆರಿಸಿದೆ. ಫೋಟೋ ಇಲ್ಲ, ಹೆಸರಿಲ್ಲ.

ಚೀಲದ ಬಾಯಿಯನ್ನು ಕಾದ ಪಟ್ಟಿಯ ಮಷೀನಿನಲ್ಲಿ ಒತ್ತಿ ಬೆಸೆಯುವುದು ವಿರೂಪಣ್ಣನ ಕೆಲಸ. ಮೊದಲ ಚೀಲ ಕೈಗೆ ತಗೊಂಡು ಅವನು ನಿಂತ.

“ತಮ್ಮಾ, ಬಾಯಿಗೆ ಎರಡು ಬೆರಳು ಜಾಗ ಬಿಡೋ.”

“ಆ ಎರಡು ಬೆರಳಿನಾಗ ಯಾರ ಫೋಟೋ ಹಾಕ್ತಿ?”

ಅವನ ಮುಖ ಸಣ್ಣದಾಯಿತು. ಮಷೀನು ಅವನ ಕೈಯಿಂದ ತಗೊಂಡು ಇನ್ನೂರು ಚೀಲ ನಾನೇ ಒತ್ತಿದೆ. ಒಂದರಲ್ಲೂ ಚಿಟಿಕೆ ಗಾಳಿ ಇರಲಿಲ್ಲ.

ಐದನೇ ದಿನ ನೀಲವ್ವ ಎಂಬ ಮುದುಕಿ ಗುಡ್ಡ ಇಳಿದು ವಾಪಸು ಬಂದಳು. ಕೈಯಲ್ಲಿ ನನ್ನ ಚೀಲ. ಬಾಯಿ ತೆರೆದಿತ್ತು. ಒಳಗಿನ ಹಿಟ್ಟು ಹೊಳೆನೀರು ಕುಡಿದು ಮುದ್ದೆಯಾಗಿ, ಹುಳಿ ನಾರುತ್ತಿತ್ತು.

“ಚೀಲ ಚಲೋ ತುಂಬಿತ್ತಪಾ,” ಅಂದಳು. “ಬಾಯಿ ನಿಲ್ಲಲಿಲ್ಲ. ಹೊಳಿ ದಾಟೂದರಾಗ ಬಿಚ್ಚಿತು. ಮೊದಲನೇ ದಿನ ಇದನ್ನ ತಿಂದೆ, ಹೊಟ್ಟಿ ಕೆಟ್ಟಿತು. ಎರಡನೇ ದಿನ ಮಂದಿ ಮುಂದ ಕೈ ಚಾಚಿದೆ. ಎಪ್ಪತ್ತು ವರ್ಷದಾಗ ಒಮ್ಮೆನೂ ಚಾಚಿದ್ದಿಲ್ಲ.”

ಚೀಲದ ಅಂಚು ನೋಡಿದೆ. ಬೆಸುಗೆಯ ಗೆರೆಯ ಉದ್ದಕ್ಕೂ ಹಿಟ್ಟು ಸಿಕ್ಕಿಕೊಂಡಿತ್ತು. ಹಿಟ್ಟು ನಡುವೆ ನಿಂತ ಕಡೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕು ಅಂಟಿರಲಿಲ್ಲ.

“ಮಷೀನು ಸರಿ ಇಲ್ಲರೀ,” ಎಂದು ಪಕ್ಕದಲ್ಲಿದ್ದ ಅಜ್ಜನಿಗೆ ಹೇಳಿದೆ.

ಅಜ್ಜ ಆ ಚೀಲ ಇಸಿದುಕೊಂಡು, ಕೈಹಾಕಿ, ಒಂದು ಹಿಡಿ ತೆಗೆದು ಬಾಯಿಗಿಟ್ಟ.

“ಬ್ಯಾಡ್ರಿ, ಕೆಟ್ಟೈತಿ.”

“ಆಕಿ ತಿಂದಾಳ.”

“ನೀವ್ಯಾಕ ತಿನ್ನಬೇಕು? ತುಂಬಿದಾವ ನಾನು.”

“ಆರಿಸು ಅಂದಾವ ನಾನು.”

ಅಗಿದು ನುಂಗಿದ. ಇನ್ನೊಂದು ಹಿಡಿ ತೆಗೆದ. ನನ್ನ ಕಡೆ ಚಾಚಲಿಲ್ಲ. ಅದೇ ನನಗೆ ಸಿಟ್ಟು ಬರಿಸಿತು.

“ವಿರೂಪಣ್ಣ ಗಾಳಿ ಕೊಟ್ಟ, ನಾ ಹಿಟ್ಟು ಕೊಟ್ಟೆ. ಇಬ್ಬರನ್ನೂ ಒಂದ ತಕ್ಕಡಿಗೆ ಹಾಕ್ತೀರೇನು? ನಾ ಮೋಸ ಮಾಡಿಲ್ಲ.”

“ಇಲ್ಲ, ಮಾಡಿಲ್ಲ.”

“ಮತ್ತ?”

“ಹೋಗಿ ಆಕಿ ಹೊಟ್ಟಿಗೆ ಹೇಳು.”

ಉತ್ತರ ಹೊಳೆಯದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಒಳಗೆ ಹೋಗಿ ಎರಡು ಅಂಗಿ, ಪಂಚೆ, ಚಾದರ ಎಲ್ಲವನ್ನೂ ಬಟ್ಟೆಚೀಲಕ್ಕೆ ತುರುಕಿದೆ. ಜಿಪ್ಪು ಎಳೆದೆ. ಅರ್ಧಕ್ಕೆ ನಿಂತಿತು. ಮಂಡಿ ಊರಿ ಎಳೆದೆ. ಹಲ್ಲು ಬಿಟ್ಟಿತು.

ಹೊರಗೆ ನೀಲವ್ವನಿಗೆ ವಿರೂಪಣ್ಣ ಗಂಜಿ ಬಡಿಸುತ್ತಿದ್ದ. ನನ್ನ ಕಡೆ ನೋಡಲಿಲ್ಲ.

ಅಜ್ಜ ಬಾಗಿಲಿಗೆ ಬಂದ. ಒಂದು ಕೈಯಲ್ಲಿ ಹುರಿಹಿಟ್ಟಿನ ಬುಟ್ಟಿ. ಇನ್ನೊಂದರಲ್ಲಿ ಖಾಲಿ ಚೀಲಗಳು: ದಾನಿಗಳ ದೊಡ್ಡದು, ನನ್ನ ಸಣ್ಣದು, ಅವೆರಡರ ನಡುವಿನ ಅಳತೆಯದೂ ಒಂದು.

“ಹೊಂಟಿ?”

“ಹೊಂಟೆ.”

“ಬುತ್ತಿ ಕಟ್ಟಬೇಕಲ್ಲ. ಇದರಾಗ ಯಾವುದು?”

ನಡುವಿನದಕ್ಕೆ ಕೈ ಹಾಕಿದೆ. ಅಜ್ಜ ಬಿಡಲಿಲ್ಲ.

“ಎಷ್ಟು ದಿನದ ದಾರಿ?”

“ಗೊತ್ತಿಲ್ರಿ.”

“ಎಲ್ಲಿಗೆ?”

ಕೈ ಹಿಂದಕ್ಕೆ ತೆಗೆದು, ಹಲ್ಲು ಬಿಟ್ಟ ಜಿಪ್ಪನ್ನು ಇನ್ನೊಮ್ಮೆ ಎಳೆದೆ.

ಅಜ್ಜ ಬುಟ್ಟಿಯನ್ನು ಹೊಸ್ತಿಲ ಮೇಲಿಟ್ಟು, ಪಕ್ಕದಲ್ಲಿ ಕೂತ.

“ದಾರಿ ಎಷ್ಟು ಅಂತ ಹೇಳು ತಮ್ಮಾ, ಚೀಲ ಆರಿಸಿ ಕೊಡ್ತೀನಿ.”