ಒನಕೆದಾಟು

ಸಿಂಪಿಗೇರಿಯ ಹೊಳೆ ಕಡಲು ಸೇರುವ ಅಳಿವೆಗೆ ಒನಕೆದಾಟು ಎಂದು ಹೆಸರು. ಅಳಿವೆಯ ಬಡಗಣ ದಡದಲ್ಲಿ ಒಂದು ಕರಿಬಂಡೆ, ತೆಂಕಣ ದಡದಲ್ಲಿ ಇನ್ನೊಂದು. ಹೊಸಬರಿಗೆ ಯಾವುದು ಯಾವುದೆಂದು ತಿಳಿಯದಷ್ಟು ಒಂದೇ ರೂಪ. ನಡುವೆ ಈಗ ಸಿಮೆಂಟಿನ ಸೇತುವೆ ಇದೆ. ಬಡಗಣ ಬಂಡೆಯ ನೆತ್ತಿಯಲ್ಲಿ ಒರಳಿನಂಥ ಏಳು ಕುಳಿಗಳು ಸಾಲಾಗಿವೆ. ಸಾಲು ತಪ್ಪಿ, ನೀರಿನ ಅಂಚಿನಲ್ಲಿ, ಎಂಟನೆಯದೊಂದಿದೆ. ನಾನು ಊರು ಬಿಟ್ಟು ಬೀದರಿಗೆ ಬಂದು ಐವತ್ತೆರಡು ವರ್ಷವಾಯಿತು. ಸಾಲಿನ ಕುಳಿಗಳು ಏಳೋ ಒಂಬತ್ತೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ಅಂಚಿನ ಆ ಒಂದು ಕುಳಿಯ ಬಗ್ಗೆ ಮಾತ್ರ ಅನುಮಾನವಿಲ್ಲ.

ಹಿಂದೆ ಒಮ್ಮೆ, ಸೇತುವೆಯಿರಲಿ, ಹೊಳೆಗೆ ಕಟ್ಟೆಯೂ ಇಲ್ಲದ ಕಾಲದಲ್ಲಿ, ಮಾರ್ಗಶಿರದ ಚಳಿ ಬಿದ್ದೊಡನೆ ಬಡಗುಕೇರಿ, ತೆಂಕಕೇರಿಗಳ ಹೆಂಗಸರೆಲ್ಲ ಬಡಗಣ ಬಂಡೆಯ ಮೇಲೆ ಸೇರಿ ಹೊಸ ಭತ್ತದ ಅವಲಕ್ಕಿ ಕುಟ್ಟುತ್ತಿದ್ದರು ಎನ್ನುತ್ತಾರೆ. ಒಬ್ಬಳು ಹುರಿದು ಸುರಿದರೆ ಇಬ್ಬರು ಕುಟ್ಟುವುದು, ಹಾಡು, ಹರಟೆ, ಬೆಲ್ಲ. ಆ ತಿಂಗಳು ಬೆಳಗ್ಗೆ ಕಡಲಿನ ಮೇಲೆ ಮಂಜು ಕವಿಯುವುದುಂಟು. ಮುಂಜಾನೆ ಮೀನಿಗೆ ಹೋದ ದೋಣಿಗಳು ಒನಕೆಯ ಸದ್ದನ್ನು ಎಡಗೈಗೆ ಇಟ್ಟುಕೊಂಡು ಬಡಗಣ ಬಂಡೆಯ ಬುಡದ ಆಳ ನೀರಲ್ಲೇ ಒಳಗೆ ಬರುತ್ತಿದ್ದವು. ಉಳಿದ ಕಡೆಯೆಲ್ಲ ನೀರಿನೊಳಗೆ ಕಲ್ಲು.

ಒಂದು ವರ್ಷ, ಗಂಡಸರು ಕಡಲಿಗಿಳಿದ ಮೇಲೆ, ಮೊದಲ ಪೆಟ್ಟು ಯಾರು ಹಾಕಬೇಕೆಂದು ಜಗಳವೆದ್ದಿತು. ಶುರು ಮಾಡಿದವರು ಯಾರೆಂದು ಇಂದಿಗೂ ಎರಡು ಕೇರಿಗೆ ಎರಡು ಉತ್ತರ. ತೆಂಕಕೇರಿಯವರು ಸಿಟ್ಟಿನಿಂದ, ಹೊಳೆಯ ಮೇಲುಗಡೆ ನೀರು ಕಡಿಮೆಯಿದ್ದಲ್ಲಿ ಸುತ್ತಿ ದಾಟಿ ಹಿಂದಿರುಗಿ, ಮನೆಯ ಮರದ ಒರಳುಗಳನ್ನು ಹೊತ್ತು ತಂದು, ತಮ್ಮ ದಡದ ಬಂಡೆಯ ಮೇಲೆ ಕುಟ್ಟತೊಡಗಿದರು. ಅಷ್ಟರಲ್ಲಿ ಮಂಜು ಕವಿಯಿತು. ಎರಡು ದಡದ ಸದ್ದೂ ಒಂದೇ ಥರ. ಹೊರಗೆ ದೋಣಿಗಳು ಶಂಖ ಊದಿದವು. ಒಮ್ಮೆ ಅತ್ತ, ಒಮ್ಮೆ ಇತ್ತ.

ತೆಂಕಕೇರಿಯಲ್ಲಿ ಬುದವಂತಿ ಎಂಬವಳಿದ್ದಳು. ತವರು ಬಡಗುಕೇರಿ. ಅವಳ ಕಾಲಬಳಿ ಅಲೆಯೊಂದು ಮುರಿದ ಹುಟ್ಟನ್ನು ತಂದು ಹಾಕಿತು. ಹಿಡಿಗೆ ಸುತ್ತಿದ ಕೆಂಪು ಬಟ್ಟೆ ಅವಳದೇ ಸೀರೆಯ ಚೂರು. ಗಂಡ ಜಟ್ಟಿಯ ದೋಣಿ ಕಲ್ಲಿಗೆ ತಾಗಿತ್ತು. ಇನ್ನೊಮ್ಮೆ ತಾಗಿದರೆ ಉಳಿಯುವುದಿಲ್ಲ. "ನಿಲ್ಸಿ!" ಎಂದು ಅವಳು ಕಿರುಚಿದಳು. ಒನಕೆಗಳು ನಿಂತವು. ಆದರೆ ಆಚೆ ದಡದವರಿಗೂ ಶಂಖದ ಗೊಂದಲ ತಿಳಿದು ಅವರೂ ಅದೇ ಗಳಿಗೆಗೆ ನಿಲ್ಲಿಸಿದ್ದರು. ಕಡಲಿಗೆ ಈಗ ಯಾವ ಸದ್ದೂ ಇಲ್ಲ. ಗಾಬರಿಯಿಂದ ಇವರು ಮತ್ತೆ ಕುಟ್ಟಿದರು, ಅವರೂ ಕುಟ್ಟಿದರು. ಇವರು ನಿಲ್ಲಿಸಿದರು, ಅವರೂ ನಿಲ್ಲಿಸಿದರು. ಅಲೆಯ ಮೊರೆತದಲ್ಲಿ ಕೂಗು ಆಚೆ ಮುಟ್ಟದು. ದಾಟಲು ಒಂದು ದೋಣಿಯೂ ದಡದಲ್ಲಿಲ್ಲ, ಮೇಲುಗಡೆಯಿಂದ ಸುತ್ತಿ ಹೋಗುವಷ್ಟು ಹೊತ್ತೂ ಇಲ್ಲ.

ಬುದವಂತಿ ಒನಕೆ ಎತ್ತಿಕೊಂಡು ನೀರಿಗಿಳಿದಳು. "ಇದೇ ಹೊತ್ತಿಗೆ ತವರು ನೆನಪಾಯ್ತನೇ?" ಎಂದಳು ಅತ್ತೆ ಮಾದೇವಿ.

"ಹೌದು ಅತ್ತೆ, ನಿಮ್ಮ ಮಗನನ್ನ ಕರ್ಕೊಂಡು ಬರೂಕೆ. ನಾನು ಸತ್ತೆ ಅಂತ ಯಾರಾದ್ರೂ ಅಂದ್ರೂ ಇಲ್ಲಿ ಒನಕೆ ಮುಟ್ಟಬೇಡಿ."

ಇಳಿತದ ನೀರು, ಆದರೂ ನಡುವೆ ಕಾಲು ನಿಲ್ಲದು. ಒನಕೆಯನ್ನು ಕಂಕುಳಿಗೆ ಅಡ್ಡ ಹಾಕಿಕೊಂಡು, ಚಳಿಗೆ ಹಲ್ಲು ಕಟ್ಟಿದರೂ ಬಿಡದೆ ಅವಳು ಆಚೆ ದಡ ಹತ್ತಿದಳು. "ಎಂತಾಯ್ತೇ ಮಾರಾಯ್ತಿ, ನಿಮ್ಮ ಕಲ್ಲು ಒಡೆದೋಯ್ತ?" ಎಂದು ಬಡಗುಕೇರಿಯವರು ಆಡಿಕೊಂಡರು. ಅವಳು ಹತ್ತಿದ ಜಾಗದಲ್ಲೇ, ಅಂಚಿನಲ್ಲೇ, ಬರಿಗಲ್ಲಿಗೆ ಒನಕೆ ಹಾಕಿದಳು. ತೆಂಕಣ ದಡ ಸುಮ್ಮನಿತ್ತು. ಆಗ ಎಲ್ಲರಿಗೂ ಅರ್ಥವಾಯಿತು. ಎಲ್ಲ ಒನಕೆಗಳೂ ಒಟ್ಟಿಗೆ ಎದ್ದವು.

ದೋಣಿಗಳು ಒಂದೊಂದಾಗಿ ಒಳಗೆ ಬಂದವು. ಕೊನೆಯದು ಜಟ್ಟಿಯದು, ಒಂದೇ ಹುಟ್ಟಿನಲ್ಲಿ. ಬಂಡೆಯ ಹತ್ತಿರ ಮಂಜು ತುಸು ಸರಿದಾಗ ಅವನಿಗೆ ಮೊದಲು ಕಂಡದ್ದು ಹೆಂಡತಿಯ ಮುಖ. ಜಗಳ ನಡೆದು ಕೇರಿಗಳು ಬೇರೆಯಾದದ್ದನ್ನು ಅವನಿಗಿಂತ ಮುಂದಿದ್ದ ದೋಣಿಯವರು ದಡದವರಿಂದ ಕೇಳಿ, ಹಿಂದಿದ್ದ ಅವನಿಗೆ ಅಷ್ಟನ್ನೇ ಕೂಗಿ ಹೇಳಿದ್ದರು. ಇವಳು ಇಲ್ಲಿದ್ದಾಳೆಂದರೆ ಇದು ತೆಂಕಣ ಬಂಡೆಯೇ, ತಪ್ಪಿ ಬಂದೆ ಎಂದುಕೊಂಡು ಅವನು ದೋಣಿಯನ್ನು ಕಲ್ಲುಗಳ ಕಡೆಗೇ ತಿರುಗಿಸಿದ.

"ಬಡಗಣ ಕಲ್ಲೇ ಇದು! ತಿರುಗಿಸಬೇಡಿ!" ಎಂದು ಬುದವಂತಿ ಕುಟ್ಟುತ್ತಲೇ ಕೂಗಿದಳು. "ದಾಟಿ ಬಂದದ್ದು ನಾನು! ಒನಕೆ ದಾಟಿ ಬಂದದ್ದು!"

ಬಂಡೆಯ ಮೇಲಿದ್ದ ಅಷ್ಟೂ ಹೆಂಗಸರು ಅದನ್ನೇ ಹಿಡಿದು, ಪೆಟ್ಟಿಗೊಮ್ಮೆ, "ಒನಕೆ ದಾಟಿತು, ಒನಕೆ ದಾಟಿತು" ಎಂದು ಕೂಗಿದರಂತೆ. ಜಟ್ಟಿ ಹುಟ್ಟು ನಿಲ್ಲಿಸಿ ಕೇಳಿದ. ದೋಣಿ ನಿಧಾನವಾಗಿ ಮೂತಿ ತಿರುಗಿಸಿ ಒಳಗೆ ಬಂದಿತು. ದಡಕ್ಕೆ ಹಾರಿದವನು ಮೊದಲು ಕೇಳಿದ್ದು, "ಈಗ ನಾನು ಯಾವ ಕೇರಿಯಲ್ಲಿದ್ದೇನೆ?" ಎಂದು.

ಈಗ ಅವಲಕ್ಕಿ ಗಿರಣಿಯಿಂದ ಬರುತ್ತದೆ, ದೋಣಿಗಳಿಗೆ ಯಂತ್ರವಿದೆ. ಆದರೂ ಚಳಿಗಾಲದ ಮೊದಲ ಮಂಜಿನ ಬೆಳಗ್ಗೆ ತೆಂಕಕೇರಿಯ ಹೆಂಗಸರು ಒಂದು ಒನಕೆ ಹೊತ್ತು ಸೇತುವೆ ದಾಟಿ ಬರುವುದನ್ನು ಹೋದವರು ನೋಡಬಹುದು. ಅಂಚಿನ ಕುಳಿಗೆ ಮೊದಲ ಪೆಟ್ಟು ಅವರದು. ಅದಕ್ಕೆ ಈಗ ಜಗಳವಿಲ್ಲ. ಪೆಟ್ಟು ಬಿದ್ದ ಮೇಲೆ ಎರಡು ಕೇರಿಯವರೂ ಉಸಿರು ಹಿಡಿದು ತೆಂಕಣ ಬಂಡೆಯತ್ತ ಕಿವಿಗೊಡುತ್ತಾರೆ. ಅಲ್ಲಿಂದ ಏನೂ ಕೇಳಿಸದಿದ್ದರೆ ಬೆಲ್ಲ ಹಂಚುತ್ತಾರೆ.